ರಾಜಕಂಠಿಕೆ: ಗಣಿತಸಾರಸಂಗ್ರಹದ ಒಂದು ಮಹಾಸಂಖ್ಯೆಯೂ ಅದರ ಪಾಠವಿಚಾರವೂ

ಈಚೆಗೆ ನಾನು ಸಂತೆಕಲ್ಲೂರಿಗೆ ಹೋಗಿದ್ದಾಗ ಅಲ್ಲಿ ಸಾಹಿತ್ಯವನ್ನು ಬೋಧಿಸುತ್ತಿರುವ ಮಿತ್ರರೊಬ್ಬರು ತಮ್ಮ ಟಿಪ್ಪಣಿಯ ಪುಸ್ತಕವೊಂದನ್ನು ನನ್ನ ಮುಂದೆ ತೆರೆದಿಟ್ಟರು. ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಿಂದ ಕೆಲವು ಲೆಕ್ಕಗಳನ್ನು ಹುಡುಗರ ವಿನೋದಕ್ಕಾಗಿ ಅದರಲ್ಲಿ ಬರೆದುಕೊಂಡಿದ್ದರು. ಒಂದು ಪುಟದಲ್ಲಿ ೧೨೩೪೫೬೭೯ ಎಂಬ ಸಂಖ್ಯೆಯಿತ್ತು. ಏಳಕ್ಕೂ ಒಂಬತ್ತಕ್ಕೂ ನಡುವೆ ಕೆಂಪು ಶಾಯಿಯಿಂದ ಎಂಟನ್ನು ಸೇರಿಸಿತ್ತು. "ಶಾಸ್ತ್ರಿಗಳೇ, ಇಲ್ಲಿ ಲಿಪಿಕಾರನ ಕೈತಪ್ಪಿನಿಂದ ಎಂಟು ಬಿಟ್ಟುಹೋಗಿದೆ. ನಾನು ತಿದ್ದಿದ್ದೇನೆ, ಸರಿಯಷ್ಟೆ?" ಎಂದು ಕೇಳಿದರು.

ಸರಿಯಲ್ಲವೆಂದು ಅಲ್ಲಿಯೇ ಹೇಳಿದೆನು. ಆದರೆ ಹೇಳುವಾಗ ಮನಸ್ಸಿಗೆ ನಾಚಿಕೆಯಾಯಿತು. ಏಕೆಂದರೆ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ನಾನೂ ಈ ಗ್ರಂಥದ ಪ್ರತಿಯೊಂದನ್ನು ಎತ್ತಿಕೊಳ್ಳುತ್ತ, ಇದೇ ಸ್ಥಳದಲ್ಲಿ "ಅತ್ರ ವಸುಪದಂ ಗಲಿತಂ", ಎಂದರೆ ಎಂಟನ್ನು ಹೇಳುವ ಪದವು ಇಲ್ಲಿ ಜಾರಿಹೋಗಿದೆ ಎಂದು, ಅಂಚಿನಲ್ಲಿ ಬರೆದಿಟ್ಟಿದ್ದೆನು. ವ್ಯಾಕರಣವನ್ನು ಕಲಿತ ಹುಡುಗನ ಗರ್ವ ಅದು. ಒಂದರಿಂದ ಒಂಬತ್ತರವರೆಗೆ ಅಂಕಗಳು ಸಾಲಾಗಿ ಬರುತ್ತಿರುವಾಗ ಒಂದು ತಪ್ಪಿದ್ದರೆ ಅದು ದೋಷವಲ್ಲದೆ ಮತ್ತೇನೆಂದು ಅನಿಸಿತ್ತು. ಗುಣಿಸಿ ನೋಡಲಿಲ್ಲ. ನನ್ನ ಮಾತನ್ನು ನಂಬಿ ಇಬ್ಬರು ಸಹಾಧ್ಯಾಯಿಗಳು ತಮ್ಮ ಪ್ರತಿಗಳಲ್ಲಿಯೂ ಆ ಟಿಪ್ಪಣಿಯನ್ನು ಬರೆದುಕೊಂಡರು. ಸಂತೆಯಲ್ಲಿ ಲೆಕ್ಕ ತಪ್ಪಿದರೆ ಕೊಡುವವನೂ ಕೊಳ್ಳುವವನೂ ಎದುರುಬದುರಾಗಿ ನಿಂತಿರುತ್ತಾರೆ, ತಪ್ಪು ಅಲ್ಲಿಯೇ ತೀರುತ್ತದೆ. ಗ್ರಂಥದಲ್ಲಿ ತಪ್ಪಿದರೆ ಅದು ಪ್ರತಿಯಿಂದ ಪ್ರತಿಗೆ ನಡೆದುಕೊಂಡು ಹೋಗುತ್ತದೆ. ಆ ಪ್ರಮಾದದ ಪರಿಹಾರಾರ್ಥವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಸಾಹಿತ್ಯಪಂಡಿತರಿಗೆ ಗಣಿತವು ಹೊರಗಿನ ವಿಷಯವೆಂದು ತೋರಬಹುದು; ಆದರೆ ಇಲ್ಲಿ ಸಂಖ್ಯೆಯೇ ಪಾಠಪರಿಷ್ಕರಣಕ್ಕೆ ಸಾಕ್ಷಿಯಾಗಿ ನಿಲ್ಲುವುದರಿಂದ ವಿಷಯವು ಅವರದೂ ಹೌದು.

ಗ್ರಂಥಕರ್ತನ ಕಾಲವು ಎಲ್ಲರಿಗೂ ತಿಳಿದಿರುವುದೇ. ಮಹಾವೀರಾಚಾರ್ಯನು ಗ್ರಂಥಾರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವನಾದ್ದರಿಂದ ಗ್ರಂಥವು ಸುಮಾರು ಕ್ರಿ. ಶ. ೮೫೦ರ ಹೊತ್ತಿನದೆಂದು ಎಣಿಸುತ್ತಾರೆ. ಕವಿರಾಜಮಾರ್ಗವೂ ಅದೇ ಆಳ್ವಿಕೆಯದು. ಆ ದೊರೆಯ ರಾಜಧಾನಿಯಾದ ಮಾನ್ಯಖೇಟವೇ ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿಯ ದಡದ ಮಳಖೇಡ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ಮಸ್ಕಿ ತಾಲ್ಲೂಕಿನಲ್ಲಿರುವ ಸಂತೆಕಲ್ಲೂರಿನ ಸೀಮೆಯೂ ಆ ಅರಸರ ನಾಡಿನೊಳಗಿನದೇ. ಗ್ರಂಥವು ಮೊದಲು ಅಚ್ಚಾದುದು ೧೯೧೨ರಲ್ಲಿ, ಮದರಾಸಿನಲ್ಲಿ, ಪ್ರೊಫೆಸರ್ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ. ಅವರಿಗೆ ಒದಗಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಮೂಡಬಿದಿರೆಯ ಜೈನಮಠದ್ದೂ ಇದ್ದುವು. ೨೦೦೦ದಲ್ಲಿ ಹೊಂಬುಜದ ಜೈನಮಠದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದಿತು. ಕನ್ನಡ ನಾಡಿನಲ್ಲಿ ಹುಟ್ಟಿದ ಈ ಗ್ರಂಥವು ಪೂರ್ಣವಾಗಿ ಕನ್ನಡಿಗರ ಕೈಗೆ ಕನ್ನಡದಲ್ಲಿ ಬಂದುದು ಇಷ್ಟು ತಡವಾಗಿ ಎಂಬುದನ್ನು ನೆನೆದರೆ ವ್ಯಸನವಾಗುತ್ತದೆ. ತೆಲುಗಿನವರು ಪಾವುಲೂರಿ ಮಲ್ಲನನ ಕಾಲದಲ್ಲಿಯೇ ಇದನ್ನು ತಮ್ಮದಾಗಿಸಿಕೊಂಡಿದ್ದರು.

ಗ್ರಂಥದ ಎರಡನೆಯ ಭಾಗವಾದ ಪರಿಕರ್ಮವ್ಯವಹಾರದಲ್ಲಿ ಗುಣಾಕಾರಕ್ಕೆ ಉದಾಹರಣೆಯಾಗಿ ಬರುವ ಕೆಲವು ಸಂಖ್ಯೆಗಳೇ ಪ್ರಕೃತ ವಿಷಯ. ಇವುಗಳನ್ನು ಗುಣಿಸಿದರೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಫಲವು ಬರುತ್ತದೆ. ಕೊರಳಿನ ಸರದಲ್ಲಿ ನಡುವಿನ ಪದಕದ ಎರಡು ಕಡೆಗೂ ಮಣಿಗಳು ಸಮವಾಗಿ ಇಳಿಬಿದ್ದಿರುವಂತೆ ಇಲ್ಲಿಯೂ ಅಂಕಗಳು ಕಾಣುವುದರಿಂದ ಆಚಾರ್ಯನು ಇಂತಹ ಫಲಗಳನ್ನು ಕಂಠಾಭರಣ, ನರಪಾಲಕಂಠಿಕಾಭರಣ, ರತ್ನಕಂಠಿಕಾಭರಣ, ರಾಜಕಂಠಿಕಾಭರಣ ಎಂದು ಕರೆದಿದ್ದಾನೆ. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ೧೧೧೧೧೧೧೧೧, ಇದು ನರಪಾಲಕಂಠಿಕೆ. ೧೪೨೮೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೧೦೦೦೧, ಇದು ರತ್ನಕಂಠಿಕೆ. ೧೪೨೮೫೭೧೪೩ನ್ನು ಅದೇ ೭ರಿಂದ ಗುಣಿಸಿದರೆ ೧೦೦೦೦೦೦೦೦೧; ಇದು ರಾಜಕಂಠಿಕೆ. ಎರಡು ತುದಿಗಳಲ್ಲಿ ಎರಡೇ ಮಣಿಗಳು, ನಡುವೆ ಎಂಟು ಸೊನ್ನೆಗಳ ಬರಿಯ ದಾರ! ಒಂಬತ್ತು ಮಣಿಗಳಿರುವುದು ನರಪಾಲನಿಗೆ, ಎರಡೇ ಇರುವುದು ರಾಜನಿಗೆ. ಹೆಸರಿಡುವಾಗ ಆಚಾರ್ಯನು ಸ್ವಲ್ಪ ನಕ್ಕಿರಬೇಕೆಂದು ನನ್ನ ಊಹೆ.

ಈ ಸಂಖ್ಯೆಗಳನ್ನು ಆಚಾರ್ಯನು ಅಂಕಗಳಲ್ಲಿ ಬರೆದಿಲ್ಲ, ಪದಗಳಲ್ಲಿ ಹೇಳಿದ್ದಾನೆ. ಚಂದ್ರನೆಂದರೆ ಒಂದು, ಶರವೆಂದರೆ ಐದು, ಋತುವೆಂದರೆ ಆರು, ಮುನಿಯೆಂದರೆ ಏಳು ಎಂಬ ಸಂಕೇತವು ಜ್ಯೋತಿಷವನ್ನು ಓದಿದವರಿಗೆ ಹೊಸತಲ್ಲ. ಪದಗಳನ್ನು ಬಿಡಿಸ್ಥಾನದಿಂದ ಆರಂಭಿಸಿ ಹೇಳುವುದು ರೂಢಿಯಾದ್ದರಿಂದ ಅಂಕಗಳನ್ನು ಬಲದಿಂದ ಎಡಕ್ಕೆ ಇಡುತ್ತ ಹೋಗಬೇಕು. ಈ ಕ್ರಮವನ್ನು ಮರೆತರೆ ಆಗುವ ಅನರ್ಥಕ್ಕೆ ನಮ್ಮ ನಾಡಿನದೇ ನಿದರ್ಶನವುಂಟು. ನೃಪತುಂಗನ ತಂದೆಯಾದ ಮೂರನೆಯ ಗೋವಿಂದನ ಕಡಬದ ತಾಮ್ರಶಾಸನದಲ್ಲಿ ಶಕವರ್ಷವನ್ನು ಶರ, ಶಿಖಿ, ಮುನಿ ಎಂಬ ಪದಗಳಿಂದ ಹೇಳಿದೆ. ಶರ ಐದು, ಶಿಖಿ ಮೂರು, ಮುನಿ ಏಳು. ಬಲದಿಂದ ಎಡಕ್ಕೆ ಇಟ್ಟರೆ ೭೩೫, ಎಂದರೆ ಕ್ರಿ. ಶ. ೮೧೩. ಹೇಳಿದ ಕ್ರಮದಲ್ಲಿಯೇ ಇಟ್ಟರೆ ೫೩೭ ಆಗಿ ಅರಸನು ೧೯೮ ವರ್ಷ ಹಿಂದಕ್ಕೆ ಸರಿದುಹೋಗುತ್ತಾನೆ. ಶಾಸನದ ಸಂಖ್ಯೆಯನ್ನು ಕಾಯುವುದಕ್ಕೆ ರೂಢಿ ಮತ್ತು ಇತರ ಶಾಸನಗಳ ಸಾಕ್ಷ್ಯ ಇವೆರಡೇ ಇರುವುವು. ಕಂಠಿಕೆಗಾದರೋ ಅದರ ಆಕಾರವೇ ಕಾವಲು.

ಇನ್ನು ಎಂಟಿಲ್ಲದ ಸಂಖ್ಯೆಯ ವಿಚಾರ. ಮೂಲದಲ್ಲಿ ಮೊದಲು ಬರುವುದು ಒಂಬತ್ತನ್ನು ಸೂಚಿಸುವ ನಂದಪದ, ಅದರ ಮಗ್ಗುಲಿಗೇ ಏಳನ್ನು ಸೂಚಿಸುವ ಅದ್ರಿಪದ. ಇವೆರಡೂ ಸವರ್ಣದೀರ್ಘ ಸಂಧಿಯಿಂದ ಒಂದಾಗಿ ಹೆಣೆದುಕೊಂಡಿವೆ. ನಡುವೆ ವಸುವನ್ನೋ ಗಜವನ್ನೋ ತುರುಕಬೇಕಾದರೆ ಸಂಧಿಯನ್ನು ಒಡೆಯಬೇಕು, ಛಂದಸ್ಸನ್ನೂ ಕೆಡಿಸಬೇಕು. ಲಿಪಿಕಾರನು ಒಂದು ಪದವನ್ನು ಬಿಟ್ಟು, ಉಳಿದ ಪದಗಳಿಗೆ ತಾನೇ ಸಂಧಿ ಮಾಡಿ, ಪದ್ಯದ ಓಟವೂ ಕೆಡದಂತೆ ಸರಿಪಡಿಸಿದನೆಂದು ಹೇಳುವುದು ಅವನನ್ನು ಆಚಾರ್ಯನಿಗಿಂತ ದೊಡ್ಡವನನ್ನಾಗಿ ಮಾಡಿದಂತೆ. ವ್ಯಾಕರಣದಲ್ಲಿ ಪ್ರವೇಶವುಳ್ಳ ನನಗೆ ಅಂದು ಇದಿಷ್ಟೂ ಹೊಳೆಯದೆ ಹೋದುದು ಆಶ್ಚರ್ಯವೇ ಸರಿ.

ಗಣಿತದ ಸಾಕ್ಷ್ಯವು ಇದಕ್ಕಿಂತ ಬಲವಾದುದು. ಎಂಟನ್ನು ಸೇರಿಸಿ ೧೨೩೪೫೬೭೮೯ನ್ನು ಒಂಬತ್ತರಿಂದ ಗುಣಿಸಿದರೆ ೧೧೧೧೧೧೧೧೦೧ ಬರುತ್ತದೆ. ಸರದ ಕೊನೆಯಲ್ಲಿ ಒಂದು ಮಣಿ ಕಳಚಿಬಿದ್ದಂತಾಯಿತು. ಇದನ್ನು ಯಾವ ನರಪಾಲನೂ ಧರಿಸಲಾರನು. ಎಂಟು ಏಕೆ ಬರುವುದಿಲ್ಲವೆಂಬುದನ್ನು ಭಾಗಾಹಾರದಿಂದಲೇ ನೋಡಬಹುದು. ಒಂಬತ್ತು ಒಂದುಗಳ ಸಾಲನ್ನು ಒಂಬತ್ತರಿಂದ ಭಾಗಿಸೋಣ. ೧೧ರಲ್ಲಿ ಒಂಬತ್ತು ಒಂದು ಸಲ ಹೋಗಿ ಎರಡು ಉಳಿಯುತ್ತದೆ. ಮುಂದಿನ ಒಂದನ್ನು ಇಳಿಸಿದರೆ ೨೧, ಭಾಗಲಬ್ಧ ಎರಡು, ಶೇಷ ಮೂರು. ೩೧ರಲ್ಲಿ ಮೂರು, ಶೇಷ ನಾಲ್ಕು. ಹೀಗೆ ಪ್ರತಿಸಲವೂ ಶೇಷವು ಲಬ್ಧಕ್ಕಿಂತ ಒಂದು ಹೆಚ್ಚಾಗಿ ಬರುತ್ತ, ೭೧ರಲ್ಲಿ ಏಳು ಹೋಗಿ ಎಂಟು ಉಳಿಯುತ್ತದೆ. ಮುಂದೆ ೮೧. ಇಲ್ಲಿ ಲಬ್ಧವು ಎಂಟಾಗಿದ್ದರೆ ಶೇಷವು ಒಂಬತ್ತಾಗಬೇಕಾಗಿತ್ತು. ಆದರೆ ಒಂಬತ್ತರಿಂದ ಭಾಗಿಸುವಾಗ ಒಂಬತ್ತು ಶೇಷವಾಗಿ ನಿಲ್ಲುವಂತಿಲ್ಲ, ಅದೂ ಒಂದು ಸಲ ಭಾಗಹೋಗಿ ಲಬ್ಧವು ಒಂಬತ್ತೇ ಆಗುತ್ತದೆ, ಶೇಷ ಸೊನ್ನೆ. ಎಂಟರ ಸ್ಥಾನದಲ್ಲಿ ಒಂಬತ್ತು ಬಂದು ಕುಳಿತುದರಿಂದ ಎಂಟು ಲೋಪವಾಯಿತು. ವೈಯಾಕರಣರು ಇದನ್ನು ಆದೇಶವೆನ್ನುತ್ತಿದ್ದರೋ ಏನೋ! ಈಗಿನವರು ಒಂದನ್ನು ಎಂಬತ್ತೊಂದರಿಂದ ಭಾಗಿಸಿ ದಶಾಂಶದಲ್ಲಿ ಬರೆದಾಗಲೂ ೦೧೨೩೪೫೬೭೯ ಎಂಬ ಇದೇ ಸಾಲು ಕೊನೆಯಿಲ್ಲದೆ ಮರುಕಳಿಸುತ್ತ ಹೋಗುತ್ತದೆ.

ಈ ಸಂಖ್ಯೆಯೊಳಗೆ ಇನ್ನೂ ಚಮತ್ಕಾರಗಳಿವೆ. ಅವು ಆಚಾರ್ಯನು ಬಾಯಿಬಿಟ್ಟು ಹೇಳಿದುವಲ್ಲ, ಸಂಖ್ಯೆಯಲ್ಲಿಯೇ ಅಡಗಿರುವುವು. ಇದನ್ನು ೨ರಿಂದ ಗುಣಿಸಿದರೆ ೨೪೬೯೧೩೫೮, ಏಳು ಕಾಣೆ. ೪ರಿಂದ ಗುಣಿಸಿದರೆ ೪೯೩೮೨೭೧೬, ಐದು ಕಾಣೆ. ೫ರಿಂದ ಗುಣಿಸಿದರೆ ೬೧೭೨೮೩೯೫, ನಾಲ್ಕು ಕಾಣೆ. ೭ರಿಂದ ೮೬೪೧೯೭೫೩, ಎರಡು ಕಾಣೆ; ೮ರಿಂದ ೯೮೭೬೫೪೩೨, ಒಂದು ಕಾಣೆ. ಎಲ್ಲಿಯೂ ಒಂದು ಅಂಕವು ಎರಡು ಸಲ ಬರುವುದಿಲ್ಲ. ಗುಣಕವನ್ನೂ ಕಾಣೆಯಾದ ಅಂಕವನ್ನೂ ಕೂಡಿಸಿದರೆ ಯಾವಾಗಲೂ ಒಂಬತ್ತು. ಕಾರಣವು ಸುಲಭವಾದುದು. ಒಂದು ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದರೆ ಉಳಿಯುವ ಶೇಷವೂ ಅದರ ಅಂಕಗಳ ಮೊತ್ತವನ್ನು ಭಾಗಿಸಿದರೆ ಉಳಿಯುವ ಶೇಷವೂ ಒಂದೇ. ನಮ್ಮ ಸಂಖ್ಯೆಯ ಅಂಕಗಳ ಮೊತ್ತವು ೩೭, ಶೇಷ ಒಂದು. ಆದ್ದರಿಂದ ಗುಣಕವೇ ಗುಣಲಬ್ಧದ ಶೇಷವಾಗುತ್ತದೆ. ಒಂದರಿಂದ ಒಂಬತ್ತರವರೆಗಿನ ಅಂಕಗಳ ಮೊತ್ತವು ೪೫, ನಿಶ್ಶೇಷ. ಎಂದಮೇಲೆ ಆ ಶೇಷಕ್ಕೆ ಕಾಣೆಯಾದ ಅಂಕವನ್ನು ಸೇರಿಸಿದರೆ ಒಂಬತ್ತಾಗಲೇಬೇಕು. ಗುಣಕವು ಮೂರಾದರೆ ಈ ಲೀಲೆ ನಿಂತು ೩೭೦೩೭೦೩೭ ಎಂಬ ಬೇರೆಯೇ ರೂಪವು ಮೂಡುತ್ತದೆ. ಸಂಖ್ಯೆಯು ೩೭ನ್ನು ೩೩೩೬೬೭ರಿಂದ ಗುಣಿಸಿ ಆದುದೆಂಬ ಗುಟ್ಟು ಅಲ್ಲಿ ಹೊರಬೀಳುತ್ತದೆ.

೩೩೩೬೬೭ನ್ನು ಕಂಡಾಗ ಆಚಾರ್ಯನ ಮತ್ತೊಂದು ಕಂಠಾಭರಣವು ನೆನಪಿಗೆ ಬರುತ್ತದೆ. ಆರು ಮೂರುಗಳು, ಐದು ಆರುಗಳು, ಒಂದು ಏಳು, ಹೀಗೆ ೩೩೩೩೩೩೬೬೬೬೬೭. ಇದನ್ನು ಮೂವತ್ತಮೂರರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧. ಸಣ್ಣ ೩೩೩೬೬೭ನ್ನು ಮೂರರಿಂದ ಗುಣಿಸಿದರೆ ೧೦೦೧೦೦೧, ದೊಡ್ಡದನ್ನು ಮೂರರಿಂದ ಗುಣಿಸಿದರೆ ೧೦೦೦೦೦೧೦೦೦೦೦೧. ಎರಡೂ ಒಂದೇ ವಂಶದವು. ಹಾಗೆಯೇ ೨೭೯೯೪೬೮೧ನ್ನು ೪೪೧ರಿಂದ ಗುಣಿಸುವ ಲೆಕ್ಕವೊಂದಿದೆ. ಅದರ ಫಲವನ್ನು ಆಚಾರ್ಯನು ಅಂಕಗಳ ಹೆಸರಿನಿಂದ ಹೇಳದೆ, ಒಂದರಿಂದ ಮೊದಲಾಗಿ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವುದೆಂದು ಆಕಾರದಿಂದಲೇ ವರ್ಣಿಸಿದ್ದಾನೆ: ೧೨೩೪೫೬೫೪೩೨೧. ಇದು ೧೧೧೧೧೧ರ ವರ್ಗ. ೧೧೧೧೧೧ನ್ನು ೨೧ ಮತ್ತು ೫೨೯೧ ಎಂದು ಎರಡು ಗುಣಕಗಳಾಗಿ ಒಡೆಯಬಹುದು. ೨೧ರ ವರ್ಗ ೪೪೧, ೫೨೯೧ರ ವರ್ಗ ೨೭೯೯೪೬೮೧. ಇದರಿಂದ ಒಂದು ವಿಷಯವು ಸ್ಪಷ್ಟವಾಗುತ್ತದೆ. ಇಂತಹ ಜೋಡಿಯು ಗುಣಿಸುತ್ತ ಗುಣಿಸುತ್ತ ಆಕಸ್ಮಿಕವಾಗಿ ಕೈಗೆ ಸಿಕ್ಕುವುದಲ್ಲ. ಸರವನ್ನು ಮೊದಲು ಕಟ್ಟಿ, ಅದನ್ನು ಯಾವ ಸಂಖ್ಯೆಗಳಿಂದ ಭಾಗಿಸಬಹುದೆಂದು ನೋಡಿ, ಬಿಡಿಸಿ, ಬಿಡಿಭಾಗಗಳನ್ನು ಶಿಷ್ಯನ ಕೈಗೆ ಕೊಟ್ಟು "ಕಟ್ಟು" ಎಂದು ಹೇಳಿದಂತಿದೆ. ಗುಣಾಕಾರದ ಉದಾಹರಣೆಯೆಂದು ನಾವು ಓದುವುದರ ಹಿಂದೆ ಆಚಾರ್ಯನ ಭಾಗ ಮತ್ತು ವರ್ಗಗಳ ಶ್ರಮವಿದೆಯೆಂದು ನನಗೆ ತೋರುತ್ತದೆ.

ಈಗ ಲೇಖನದ ಮುಖ್ಯಭಾಗಕ್ಕೆ ಬರುತ್ತೇನೆ. ಎಂಟಿಲ್ಲದ ಸಂಖ್ಯೆಯಲ್ಲಿ ಪದಗಳ ಅರ್ಥವು ನಿಶ್ಚಿತವಾಗಿದ್ದು ಅಂಕವೊಂದರ ಇರವು ಮಾತ್ರ ಸಂದೇಹಾಸ್ಪದವಾಗಿತ್ತು. ರತ್ನಕಂಠಿಕೆ ಮತ್ತು ರಾಜಕಂಠಿಕೆಗಳಲ್ಲಿ ಪದಗಳ ಅರ್ಥವೇ ಸಂದೇಹಕ್ಕೆ ಎಡೆಕೊಡುತ್ತದೆ. ರತ್ನಕಂಠಿಕೆಯ ಗುಣ್ಯಸಂಖ್ಯೆಯಾದ ೧೪೨೮೭೧೪೩ರಲ್ಲಿ ಬಿಡಿಸ್ಥಾನದಿಂದ ಹೊರಟರೆ ಮೂರಕ್ಕೆ ಹುತವಹ, ನಾಲ್ಕಕ್ಕೆ ಗತಿ, ಒಂದಕ್ಕೆ ಶಶಿ, ಏಳಕ್ಕೆ ಮುನಿ, ಎಂಟಕ್ಕೆ ವಸು, ಎರಡಕ್ಕೆ ನಯ, ಮತ್ತೆ ನಾಲ್ಕಕ್ಕೆ ಗತಿ, ಒಂದಕ್ಕೆ ಚಂದ್ರ ಎಂಬ ಪದಗಳಿವೆ. ವೈದಿಕ ಸಂಪ್ರದಾಯದಲ್ಲಿ ಓದಿದವನು ಗತಿಯೆಂಬಲ್ಲಿಯೂ ನಯವೆಂಬಲ್ಲಿಯೂ ತಡವರಿಸಿ ನಿಲ್ಲುತ್ತಾನೆ. ಗತಿಯು ನಾಲ್ಕೇಕೆ? ನರಕ, ತಿರ್ಯಕ್, ಮನುಷ್ಯ, ದೇವ ಎಂಬ ನಾಲ್ಕು ಗತಿಗಳನ್ನು ಜೈನಾಗಮವು ಹೇಳುವುದರಿಂದ. ಇಷ್ಟಕ್ಕೆ ತೊಡಕಿಲ್ಲ. ನಯವೆಂಬಲ್ಲಿ ಮಾತ್ರ ಜೈನಶಾಸ್ತ್ರವನ್ನು ಬಲ್ಲವನಿಗೂ ಸಂದೇಹ ಹುಟ್ಟುವುದು ಸಹಜ. ದ್ರವ್ಯಾರ್ಥಿಕ, ಪರ್ಯಾಯಾರ್ಥಿಕ ಎಂದು ಮೂಲನಯಗಳು ಎರಡು. ನೈಗಮ, ಸಂಗ್ರಹ ಮೊದಲಾಗಿ ತತ್ತ್ವಾರ್ಥಸೂತ್ರವು ಎಣಿಸುವ ನಯಗಳು ಏಳು. ಯಾವುದನ್ನು ಹಿಡಿಯಬೇಕು? ನಿಘಂಟುವನ್ನು ತಿರುವಿದರೂ ತೀರ್ಮಾನವಾಗದು. ಏಳೆಂದು ಹಿಡಿದು ಗುಣಿಸಿ ನೋಡೋಣ: ೧೪೭೮೭೧೪೩ನ್ನು ಏಳರಿಂದ ಗುಣಿಸಿದರೆ ೧೦೩೫೧೦೦೦೧. ಇದು ಸರವಲ್ಲ. ಎರಡೆಂದು ಹಿಡಿದರೆ ೧೦೦೦೧೦೦೦೧, ಸರವು ಕೂಡಿಬಂದಿತು. ಆಚಾರ್ಯನ ಸಂಕೇತದಲ್ಲಿ ನಯವು ಎರಡೇ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವೇನು ಬೇಕು?

ರಾಜಕಂಠಿಕೆಯ ಪದಗಳು ಇನ್ನೂ ರಸವತ್ತಾದುವು. ಅಲ್ಲಿ ಬಿಡಿಸ್ಥಾನದಿಂದ ಅನಲ, ಅಬ್ಧಿ, ಹಿಮಗು, ಮುನಿ, ಶರ, ದುರಿತ, ಅಕ್ಷಿ, ಪಯೋಧಿ, ಸೋಮ ಎಂದು ಒಂಬತ್ತು ಪದಗಳು. ದುರಿತವೆಂದರೆ ಪಾಪ. ಪಾಪಗಳು ಎಷ್ಟು? ಧರ್ಮಶಾಸ್ತ್ರವನ್ನು ಓದಿದವನು ಪಂಚಮಹಾಪಾತಕಗಳನ್ನು ನೆನೆದು ಐದೆಂದು ಹೇಳಿಬಿಡುತ್ತಾನೆ. ಹಿಂಸೆ, ಅನೃತ, ಸ್ತೇಯ, ಅಬ್ರಹ್ಮ, ಪರಿಗ್ರಹಗಳನ್ನು ನೆನೆದ ಜೈನನೂ ಐದೆಂದೇ ಹೇಳಿಯಾನು. ಐದನ್ನಿಟ್ಟು ೧೪೨೫೫೭೧೪೩ನ್ನು ಏಳರಿಂದ ಗುಣಿಸಿದರೆ ೯೯೭೯೦೦೦೦೧, ಸರವಿಲ್ಲ. ಜ್ಞಾನಾವರಣೀಯ ಮೊದಲಾದ ಅಷ್ಟಕರ್ಮಗಳೇ ಇಲ್ಲಿ ದುರಿತವೆಂದು ಹಿಡಿದು ಎಂಟನ್ನಿಟ್ಟರೆ ಮಾತ್ರ ೧೦೦೦೦೦೦೦೦೧ ಬರುತ್ತದೆ. ಅಬ್ಧಿ, ಪಯೋಧಿಗಳ ವಿಷಯವೂ ಹಾಗೆಯೇ. ಪುರಾಣಗಳಲ್ಲಿ ಸಮುದ್ರಗಳು ಏಳು, ಗಣಕರ ಸಂಕೇತದಲ್ಲಿ ನಾಲ್ಕು. ಏಳನ್ನು ಹಿಡಿದರೆ ಗುಣ್ಯವು ೧೭೨೮೫೭೧೭೩ ಆಗಿ, ಫಲವು ೧೨೧೦೦೦೦೨೧೧ ಎಂದು ಬರುತ್ತದೆ. ಮೇಲುನೋಟಕ್ಕೆ ಇದು ಕಂಠಿಕೆಯಂತೆಯೇ ಕಾಣುತ್ತದೆ. ನನಗೂ ಒಂದು ಕ್ಷಣ ಭ್ರಾಂತಿಯಾಯಿತು. ಹಿಂದುಮುಂದಾಗಿ ಓದಿದರೆ ೧೧೨೦೦೦೦೧೨೧ ಆಗುವುದರಿಂದ ಇದು ಖೋಟಾ ಸರವೆಂದು ಗೊತ್ತಾಗುತ್ತದೆ.

ಸಾಹಿತ್ಯದ ಅಧ್ಯಾಪಕರು ಇಲ್ಲಿ ಒಂದು ಮಾತನ್ನು ಗಮನಿಸಬೇಕೆಂದು ಕೋರುತ್ತೇನೆ. ಸಂಖ್ಯಾಸೂಚಕ ಪದಗಳಿಗೆ ನಾವು ಅಲಂಕಾರಶಾಸ್ತ್ರದ ಅಭ್ಯಾಸದಿಂದ ಅರ್ಥಹೇಳಹೊರಟರೆ ಎಡವುತ್ತೇವೆ. ರಸವೆಂದರೆ ನಮಗೆ ಒಂಬತ್ತು, ಗಣಕನಿಗೆ ಷಡ್ರಸಗಳ ಆರು. ರತ್ನವೆಂದರೆ ನವರತ್ನಗಳನ್ನು ನಾವು ನೆನೆದರೆ, ಮಹಾವೀರಾಚಾರ್ಯನು ದರ್ಶನ, ಜ್ಞಾನ, ಚಾರಿತ್ರಗಳೆಂಬ ರತ್ನತ್ರಯವನ್ನು ನೆನೆದು ಮೂರನ್ನು ಹೇಳುತ್ತಾನೆ. ತತ್ತ್ವವೆಂದರೆ ಸಾಂಖ್ಯರಿಗೆ ಇಪ್ಪತ್ತೈದು, ಅವನಿಗೆ ಏಳು. ನಗವೆಂದರೆ ಬೆಟ್ಟ, ಏಳು. ಮೊದಲಕ್ಷರವು ದೀರ್ಘವಾಗಿ ನಾಗವಾದರೆ ಎಂಟು. ಒಂದು ಮಾತ್ರೆಯ ವ್ಯತ್ಯಾಸದಿಂದ ಏಳು ಎಂಟಾಗುವ ಭಾಷೆಯಲ್ಲಿ ಲಕ್ಷಕೋಟಿಗಳ ಸಂಖ್ಯೆಯನ್ನು ಬರೆದಿಡುವುದೆಂದರೆ ಎಂತಹ ಸಾಹಸ! ಸ್ಥಾನಗಳ ಹೆಸರುಗಳಲ್ಲಿಯೂ ಹೀಗೆಯೇ. ಅರ್ಬುದವು ಲೀಲಾವತಿಯಲ್ಲಿ ಹತ್ತು ಕೋಟಿ; ಮಹಾವೀರಾಚಾರ್ಯನಲ್ಲಿ ಕೋಟಿ, ದಶಕೋಟಿ, ಶತಕೋಟಿಗಳ ಮುಂದಿನ ಸ್ಥಾನವೇ ಅರ್ಬುದವಾದ್ದರಿಂದ ಸಾವಿರ ಕೋಟಿ. ಅವನ ಎಣಿಕೆಯು ಇಪ್ಪತ್ತನಾಲ್ಕನೆಯ ಸ್ಥಾನವಾದ ಮಹಾಕ್ಷೋಭದಲ್ಲಿ ಮುಗಿಯುತ್ತದೆ.

ಹೀಗೆಂದು ಕಂಠಿಕೆಯ ಪರೀಕ್ಷೆಯೊಂದೇ ಸಾಕೆಂದು ಹೇಳಲಾಗದು. ಆ ಅತಿವಿಶ್ವಾಸಕ್ಕೆ ಆಚಾರ್ಯನ ಗ್ರಂಥದಲ್ಲಿಯೇ ಮದ್ದಿದೆ. ಓದುಗರು ರತ್ನಕಂಠಿಕೆಯ ಮತ್ತು ರಾಜಕಂಠಿಕೆಯ ಗುಣ್ಯಗಳನ್ನು ಒಂದರ ಕೆಳಗೊಂದು ಬರೆದು ನೋಡಬೇಕು: ೧೪೨೮೭೧೪೩, ೧೪೨೮೫೭೧೪೩. ಎರಡನೆಯದರ ನಡುವಿನ ಐದನ್ನು ತೆಗೆದರೆ ಮೊದಲನೆಯದೇ ಉಳಿಯುತ್ತದೆ! ಗುಣಕವು ಎರಡಕ್ಕೂ ಏಳೇ. ಅಂಕಗಳನ್ನು ಮಾತ್ರ ಬರೆದಿದ್ದ ಪ್ರತಿಯೊಂದು ಕೈಗೆ ಬಂದಿದ್ದರೆ, ಶಿಸ್ತಿನ ಸಂಪಾದಕನು ಮೊದಲನೆಯದು ಎರಡನೆಯದರ ಭ್ರಷ್ಟರೂಪವೆಂದು ನಿರ್ಣಯಿಸಿ ಒಂದು ಲೆಕ್ಕವನ್ನೇ ಹೊಡೆದುಹಾಕುತ್ತಿದ್ದನು. ಫಲದಿಂದ ಪರೀಕ್ಷಿಸಿದರೆ ಎರಡೂ ಸರಗಳೇ ಆದ್ದರಿಂದ ಪರೀಕ್ಷೆಯು ಅವನಿಗೆ ನೆರವಾಗುತ್ತಿರಲಿಲ್ಲ. ಇಲ್ಲಿ ಕಾಪಾಡುವುದು ಕಾವ್ಯದ ಉಪಾಯವೇ. ಒಂದರಲ್ಲಿ ಹುತವಹನಿದ್ದಲ್ಲಿ ಮತ್ತೊಂದರಲ್ಲಿ ಅನಲ, ಶಶಿಯಿದ್ದಲ್ಲಿ ಹಿಮಗು, ವಸುವಿದ್ದಲ್ಲಿ ದುರಿತ, ನಯವಿದ್ದಲ್ಲಿ ಅಕ್ಷಿ, ಚಂದ್ರನಿದ್ದಲ್ಲಿ ಸೋಮ; ಮುನಿಯೊಂದನ್ನು ಬಿಟ್ಟರೆ ಯಾವ ಪದವೂ ಎರಡು ಪದ್ಯಗಳಲ್ಲಿ ಸಮಾನವಾಗಿಲ್ಲ. ಒಂದು ಮತ್ತೊಂದರ ನಕಲಾಗಿರುವುದು ಅಸಾಧ್ಯ. ಆಚಾರ್ಯನು ಈ ಗೊಂದಲವನ್ನು ಮುಂಗಂಡೇ ಪರ್ಯಾಯಪದಗಳನ್ನು ಆರಿಸಿದನೆಂದು ನಾನು ಸಾಧಿಸಲಾರೆ. ಪುನರುಕ್ತಿಯನ್ನು ಬಿಡುವುದು ಪದ್ಯಕಾರನ ಸಾಮಾನ್ಯಧರ್ಮ. ಆದರೆ ಆ ಧರ್ಮವು ಇಲ್ಲಿ ಗಣಿತವನ್ನು ಕಾದಿದೆ.

ಎರಡು ಸಂಖ್ಯೆಗಳೂ ಏಳರಿಂದ ಗುಣಿತವಾಗಿ ಸರವಾಗುವುದಕ್ಕೆ ಕಾರಣಗಳು ಮಾತ್ರ ಬೇರೆ ಬೇರೆ. ೧೪೨೮೫೭ ಎಂಬುದು ಪ್ರಸಿದ್ಧವಾದ ಚಕ್ರಸಂಖ್ಯೆ. ಅದನ್ನು ಎರಡರಿಂದ ಗುಣಿಸಿದರೆ ೨೮೫೭೧೪, ಮೂರರಿಂದ ೪೨೮೫೭೧. ಆರರವರೆಗೂ ಅವೇ ಅಂಕಗಳು ಗಾಣದೆತ್ತಿನಂತೆ ಸುತ್ತುತ್ತಿದ್ದು, ಏಳರಿಂದ ಗುಣಿಸಿದಾಗ ೯೯೯೯೯೯ ಆಗಿ ನಿಲ್ಲುತ್ತವೆ. ರಾಜಕಂಠಿಕೆಯ ಗುಣ್ಯವು ಈ ಚಕ್ರದ ಮುಂದೆ ೧೪೩ನ್ನು ಬರೆದುದು. ೧೪೩ನ್ನು ಏಳರಿಂದ ಗುಣಿಸಿದರೆ ೧೦೦೧. ೯೯೯೯೯೯೦೦೦ಕ್ಕೆ ೧೦೦೧ನ್ನು ಸೇರಿಸಿದೊಡನೆ ಒಂಬತ್ತುಗಳೆಲ್ಲ ಒಂದೊಂದಾಗಿ ಕರಗಿ ಸೊನ್ನೆಗಳಾಗುತ್ತ ಹೋಗಿ, ಎರಡು ತುದಿಗಳಲ್ಲಿ ಒಂದೊಂದು ಉಳಿಯುತ್ತದೆ. ರತ್ನಕಂಠಿಕೆಯಲ್ಲಿ ಚಕ್ರಸಂಖ್ಯೆಯಿಲ್ಲ. ಅಲ್ಲಿ ೧೪೨೮ನ್ನು ಏಳರಿಂದ ಗುಣಿಸಿದರೆ ೯೯೯೬, ೭೧೪೩ನ್ನು ಏಳರಿಂದ ಗುಣಿಸಿದರೆ ೫೦೦೦೧. ಐದು ಅಯುತಗಳಲ್ಲಿ ನಾಲ್ಕು ಕೊರತೆಯನ್ನು ತುಂಬಿ ಒಂದು ನಡುಮಣಿಯಾಗಿ ನಿಲ್ಲುತ್ತದೆ. ಎರಡು ದಾರಿಗಳಿಂದ ಹೊರಟು ಒಂದೇ ಅಂಕದ ಅಂತರದಲ್ಲಿ ಬಂದು ನಿಂತುದು ಕಾಕತಾಲೀಯವಲ್ಲದೆ ಬೇರೆಯಲ್ಲ.

ಇಂತಹ ಸಂಖ್ಯೆಗಳನ್ನು ಬರಿಯ ಆಟವೆಂದು ತಳ್ಳುವವರುಂಟು. ಭಾರವಿಯ ಹದಿನೈದನೆಯ ಸರ್ಗವನ್ನೂ ಮಾಘನ ಹತ್ತೊಂಬತ್ತನೆಯದನ್ನೂ ನಾವು ಹಾಗೆಯೇ ತಳ್ಳುತ್ತೇವೆ. ದಂಡಿಯು ಸರ್ವತೋಭದ್ರಾದಿಗಳನ್ನು ದುಷ್ಕರವೆಂದು ವಿವರಿಸಿದ್ದಾನೆ. ಆದರೆ ಗತಪ್ರತ್ಯಾಗತವಾದ ಶ್ಲೋಕವನ್ನು ರಚಿಸುವ ಕವಿಯು ಅರ್ಥವನ್ನೂ ಪ್ರಸಾದಗುಣವನ್ನೂ ಬೆಲೆಯಾಗಿ ತೆರಬೇಕಾಗುತ್ತದೆ. ಗತಪ್ರತ್ಯಾಗತವಾದ ಸಂಖ್ಯೆಯು ಯಾವುದನ್ನೂ ಕಳೆದುಕೊಳ್ಳುವುದಿಲ್ಲ. ಅದಕ್ಕೊಂದು ಉಪಯೋಗವೂ ಇತ್ತೆಂದು ನನ್ನ ಅಭಿಪ್ರಾಯ. ಆಚಾರ್ಯನು ಗುಣಾಕಾರದ ಸೂತ್ರದಲ್ಲಿ ಗುಣಕವನ್ನೂ ಗುಣ್ಯವನ್ನೂ ಕಪಾಟಸಂಧಿಯ ಕ್ರಮದಿಂದ, ಬಾಗಿಲಿನ ಕದಗಳಂತೆ ಹೊಂದಿಸಿಟ್ಟು, ಅನುಲೋಮವಾಗಿಯಾಗಲಿ ವಿಲೋಮವಾಗಿಯಾಗಲಿ ಗುಣಿಸಬಹುದೆಂದು ಹೇಳುತ್ತಾನೆ. ಧೂಳಿನ ಹಲಗೆಯ ಮೇಲೆ ಈ ಲೆಕ್ಕವನ್ನು ಮಾಡುವಾಗ ಅಂಕವನ್ನು ಅಳಿಸಿ ಅದೇ ಸ್ಥಳದಲ್ಲಿ ಹೊಸ ಅಂಕವನ್ನು ಬರೆಯುತ್ತ ಹೋಗುವುದರಿಂದ ಕೊನೆಗೆ ಫಲವೊಂದೇ ಉಳಿಯುತ್ತದೆ. ನಡುವೆ ತಪ್ಪಿದ್ದರೆ ಹುಡುಕಲು ಕುರುಹಿರದು. ಶಿಷ್ಯನಿಗೆ ಉತ್ತರವನ್ನು ಹೇಳಿಕೊಡದೆಯೇ "ಸರವಾಯಿತೆ?" ಎಂದು ಗುರುವು ಕೇಳಬಹುದಾದ ಲೆಕ್ಕಗಳು ಅಲ್ಲಿ ಎಷ್ಟು ಬೆಲೆಯುಳ್ಳವೆಂಬುದನ್ನು ಹುಡುಗರಿಗೆ ಪಾಠ ಹೇಳಿದವರು ಬಲ್ಲರು.

ಸಂತೆಕಲ್ಲೂರಿನ ಮಿತ್ರರು ಈ ವಿವರವನ್ನೆಲ್ಲ ಕೇಳಿದ ಮೇಲೆ ಒಂದು ಒಳ್ಳೆಯ ಮಾತನ್ನಾಡಿದರು. ೧೯೧೫ರಲ್ಲಿ ನೆರೆಯ ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಒಂದು ಹೆಸರು ಕಂಡುದರಿಂದ ದೇವಾನಾಂಪ್ರಿಯನು ಯಾರೆಂಬ ದೊಡ್ಡ ಸಂದೇಹವು ತೀರಿತಷ್ಟೆ. ಅಲ್ಲಿ ಒಂದು ಪದವಿದ್ದುದರಿಂದ ನಿರ್ಣಯವಾಯಿತು, ಇಲ್ಲಿ ಒಂದು ಅಂಕವಿಲ್ಲದುದರಿಂದ ಆಯಿತು ಎಂದರು. ಬಳಿಕ ಹುಡುಗರನ್ನು ಕರೆದು, ಕೆಂಪು ಶಾಯಿಯ ಎಂಟನ್ನು ಹಾಗೆಯೇ ಬಿಟ್ಟು, ಎರಡು ರೀತಿಯಲ್ಲಿಯೂ ಗುಣಿಸಿ ನೋಡಿರೆಂದು ಹೇಳಿದರು.

ಕನ್ನಡ ಲಿಪಿಯ ಗಣಿತಸಾರಸಂಗ್ರಹದ ಓಲೆಗರಿಗಳು ಯಾರ ಬಳಿಯಲ್ಲಾದರೂ ಇದ್ದರೆ, ರತ್ನಕಂಠಿಕೆಯ ನಯಪದಕ್ಕೂ ರಾಜಕಂಠಿಕೆಯ ದುರಿತಪದಕ್ಕೂ ಅಂಚಿನಲ್ಲಿ ಏನು ಅಂಕವನ್ನು ಬರೆದಿದೆಯೆಂಬುದನ್ನು ದಯವಿಟ್ಟು ಪತ್ರಿಕೆಗೆ ತಿಳಿಸಬೇಕೆಂದು ಪ್ರಾರ್ಥನೆ. ನರಪಾಲಕಂಠಿಕೆಯ ಪಕ್ಕದಲ್ಲಿ ವಸುಪದವು ಜಾರಿಹೋಗಿದೆಯೆಂದು ಸಂಸ್ಕೃತದಲ್ಲಿ ಬರೆದ ಕಾಗದದ ಪ್ರತಿಯೇನಾದರೂ ಕಣ್ಣಿಗೆ ಬಿದ್ದರೆ ಅದು ನನ್ನದು, ಅಥವಾ ನನ್ನನ್ನು ನಂಬಿದವರದು. ಆ ಟಿಪ್ಪಣಿಯನ್ನು ಹೊಡೆದುಹಾಕಬೇಕು.